ಆನ್‌ಲೈನ್ ಪಾಠವಾ, ಕ್ಲಾಸ್‌ರೂಮಾ? ಕೆಜಿಎಫ್ ಕಡೆಯಿಂದ ನೋಡಿದ್ರೆ

ಇವತ್ತಿನ ಪ್ರಶ್ನೆ: ಆನ್‌ಲೈನ್ ಪಾಠ ಒಳ್ಳೇದಾ, ಕ್ಲಾಸ್‌ರೂಮ್ ಒಳ್ಳೇದಾ? ನಾನು ಬಂಗಾರಪೇಟೆಯವನು. ಹಾಗಾಗಿ ಇದನ್ನ ನಮ್ಮೂರು ಮತ್ತು ಪಕ್ಕದ ಕೆಜಿಎಫ್ ಕಡೆಯಿಂದ ನೋಡ್ತೀನಿ.

ಕೆಜಿಎಫ್‌ನ ಚಿನ್ನದ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಮೇಲೆ ಕೆಲಸ ಅಂದ್ರೆ ಬೆಂಗಳೂರು, ದಾರಿ ಅಂದ್ರೆ ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಹೋಗೋ ರೈಲು. ಅಪ್ಪನ ಗಣಿ ಕೆಲಸ ಮಗನಿಗೆ ಸಿಗೋ ಕಾಲ ಮುಗೀತು. ಈಗಿನ ಮಕ್ಕಳಿಗೆ ಓದೇ ಆಸ್ತಿ. ಅದಕ್ಕೇ ಈ ಪ್ರಶ್ನೆ ಇಲ್ಲಿ ಬರೀ ಚರ್ಚೆ ಅಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ರಾಜ್ಯ ಎರಡು ದಾರಿ ಹಿಡೀತು. ಜುಲೈನಲ್ಲಿ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಇಂಟರ್ನೆಟ್ ಇರೋರು, ಬರೀ ಮೊಬೈಲ್ ಇರೋರು, ಏನೂ ಇಲ್ಲದೋರು ಅಂತ ಮಕ್ಕಳನ್ನ ಮೂರು ಗುಂಪು ಮಾಡಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಇವೆರಡರ ವ್ಯತ್ಯಾಸ ಒಂದು ಉದಾಹರಣೆಯಲ್ಲಿ ನೋಡೋಣ. 1/3 ದೊಡ್ಡದಾ, 1/4 ದೊಡ್ಡದಾ? ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ 1/4 ಅಂತ ಎಷ್ಟೋ ಮಕ್ಕಳು ಬರೀತಾರೆ. ವಿಡಿಯೋ 'ಛೇದ' ಅಂತ ವಿವರಿಸಿ ಮುಂದೆ ಹೋಗುತ್ತೆ. ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ಮಾತಾಡೋದು ತಮಿಳು ಅಥವಾ ತೆಲುಗು. ಅಂಥ ಮನೆಯ ಮಗು ಸಿಕ್ಕಿಹಾಕಿಕೊಂಡಿರೋದು ಗಣಿತದಲ್ಲೋ, ಆ ಪದದಲ್ಲೋ? ವಿಡಿಯೋಗೆ ಗೊತ್ತಾಗಲ್ಲ. ಟೀಚರ್ ನೋಟ್‌ಬುಕ್ ನೋಡಿದ ತಕ್ಷಣ 'ಕೀಳ ಇರುಕ್ಕುರ ನಂಬರ್' ಅಂತ ಕೆಳಗಿನ ಅಂಕಿ ತೋರಿಸಿ, ಒಂದು ದೋಸೇನ ಮೂರು ಜನಕ್ಕೆ ಹಂಚೋದು, ನಾಲ್ಕು ಜನಕ್ಕೆ ಹಂಚೋದು ಹೇಳ್ತಾರೆ. ಅಷ್ಟೇ, ಮುಗೀತು.

ಹಾಗಂತ ಎಲ್ಲ ಕ್ಲಾಸ್‌ರೂಮೂ ಹಾಗಿರಲ್ಲ. ಬೋರ್ಡ್ ನೋಡಿ ನೋಟ್ಸ್ ಕಾಪಿ ಮಾಡಿಸೋ ಕ್ಲಾಸೂ ಒಂದು ವಿಡಿಯೋನೇ, ಹಿಂದಕ್ಕೆ ಓಡಿಸಕ್ಕಾಗಲ್ಲ ಅಷ್ಟೇ. ಅಂಕಿ ಕೂಡ ಅದನ್ನೇ ಹೇಳುತ್ತೆ. 'ಅಸರ್' ಸಮೀಕ್ಷೆ ಪ್ರಕಾರ, ಗ್ರಾಮೀಣ ಕರ್ನಾಟಕದ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 19. 2021ರಲ್ಲಿ ಸುಮಾರು 10. ಶಾಲೆ ಮುಚ್ಚಿದ್ದರಿಂದ ನಷ್ಟ ಆಗಿದೆ, ನಿಜ. ಆದ್ರೆ ಶಾಲೆ ತೆರೆದಿದ್ದಾಗಲೂ ಪರಿಸ್ಥಿತಿ ಚೆನ್ನಾಗೇನೂ ಇರಲಿಲ್ಲ.

ಆನ್‌ಲೈನ್ ಗೆಲ್ಲೋ ಜಾಗಾನೂ ಇದೆ. ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರೋ ಹುಡುಗಿಗೆ ಸಂಜೆ ಕ್ಲಾಸಿಗೆ ಟೈಮ್ ಎಲ್ಲಿ? ಡೌನ್‌ಲೋಡ್ ಮಾಡಿಟ್ಟ ಪಾಠಾನ ಅವಳು ಮೂರು ಸಲ ಕೇಳಬಹುದು, ಯಾರೂ ಬೇಜಾರಾಗಲ್ಲ. ನಾನೂ ಆಡಿಯೋ ಎಡಿಟಿಂಗ್ ಕಲಿತದ್ದು ಹಾಗೇನೇ. ಆದ್ರೆ ನನಗೆ ಓದಕ್ಕೆ ಬರ್ತಿತ್ತು, ಏನು ಅರ್ಥ ಆಗಿಲ್ಲ ಅಂತಾನೂ ಗೊತ್ತಿತ್ತು. ಏಳು ವರ್ಷದ ಮಗುವಿಗೆ ಅದು ಗೊತ್ತಿರಲ್ಲ.

ಹಾಗಾಗಿ ಕೋರ್ಸಿಗೋ ಟ್ಯೂಷನ್ನಿಗೋ ದುಡ್ಡು ಕಟ್ಟೋ ಮೊದಲು ಒಂದೇ ಪ್ರಶ್ನೆ ಕೇಳಿ: ನಾನು ತಪ್ಪು ಬರೆದ ಉತ್ತರಾನ ಯಾರು ನೋಡ್ತಾರೆ? ಯಾರಾದ್ರೂ ನೋಡ್ತಾರೆ ಅಂದ್ರೆ ಅದು ಫೋನಲ್ಲಿದ್ರೂ ಕ್ಲಾಸೇ. ಯಾರೂ ನೋಡಲ್ಲ ಅಂದ್ರೆ ಬೆಂಚು, ಬೋರ್ಡು ಎಲ್ಲ ಇದ್ದೂ ಅದು ಕ್ಲಾಸಲ್ಲ.

ಮುಂದಿನ ವಾರ ಸಿಗೋಣ.