ಲಾಕ್ ಆದ ಅಂಕಣಕ್ಕೆ ಬಣ್ಣ ಏಕೆ ಬೇಕು?

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಇಂಥ ಸಂಘಗಳ ಮೇಲಿನ ನಂಬಿಕೆ ಅಂದಿಗೂ ಇಂದಿಗೂ ನಿಂತಿರುವುದು ಅವುಗಳ ವಹಿಯ ಮೇಲೆ. ಕಾಗದದ ವಹಿಯಲ್ಲಿ ತಪ್ಪು ಮೊತ್ತವನ್ನು ಅಳಿಸುವಂತಿಲ್ಲ. ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು. ತಿದ್ದುಪಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಪ್ಯೂಟರಿನಲ್ಲಿ ಅಂಥ ಗುರುತು ತಾನಾಗಿ ಉಳಿಯುವುದಿಲ್ಲ, ನಾವೇ ಅದನ್ನು ಕಟ್ಟಿಕೊಳ್ಳಬೇಕು. ಹಾಗೆ ಕಟ್ಟುವಾಗ ಮುಗಿದ ಲೆಕ್ಕವನ್ನು ತಿದ್ದದಂತೆ ತಡೆಯುವ ಬೀಗ ಮತ್ತು ಆ ತಡೆಯನ್ನು ತೋರಿಸುವ ಬಣ್ಣ ಎರಡೂ ಒಂದೇ ಷರತ್ತಿನಿಂದ ಹುಟ್ಟಬೇಕು ಎಂಬುದೇ ಈ ಅಧ್ಯಾಯದ ವಾದ.

ಮುಂಡರಗಿಯ ಒಂದು ಪತ್ತಿನ ಸಂಘವೋ ಬೆಟಗೇರಿಯ ಒಂದು ನೇಕಾರರ ಸಂಘವೋ ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಸಾಲ-ವಸೂಲಿಯ ಲೆಕ್ಕ ಇಟ್ಟಿದೆ ಎಂದುಕೊಳ್ಳೋಣ. ಲೆಕ್ಕ ಪರಿಶೋಧನೆ ಮುಗಿದ ವರ್ಷದ ದಾಖಲೆಗಳು ಬದಲಾಗಬಾರದು, ನಡೆಯುತ್ತಿರುವ ವರ್ಷದವು ಬದಲಾಗಬಹುದು. ದಾಖಲೆ ತುಂಬುವ ಪರದೆಯಾದ ಫಾರಂನಲ್ಲಿ ಎರಡೂ ಒಂದರ ಕೆಳಗೊಂದು ಕಾಣುತ್ತವೆ. ಆಕ್ಸೆಸ್‌ನಲ್ಲಿ 'ಲಾಕ್ಡ್' ಗುಣವನ್ನಷ್ಟೇ ಆನ್ ಮಾಡಿದ ಅಂಕಣ ನೋಡಲು ತೆರೆದ ಅಂಕಣದಂತೆಯೇ ಇರುತ್ತದೆ. ಗುಮಾಸ್ತರು ಟೈಪ್ ಮಾಡುತ್ತಾರೆ, ಅಕ್ಷರ ಮೂಡುವುದಿಲ್ಲ. ಕಾರಣ ತಿಳಿಯದೆ ಅದೇ ವಸೂಲಿಯನ್ನು ಹೊಸ ದಾಖಲೆಯಾಗಿ ಮತ್ತೊಮ್ಮೆ ಸೇರಿಸಿಬಿಡಬಹುದು. ತಪ್ಪು ತಡೆಯಲು ಹಾಕಿದ ಬೀಗವೇ ಇನ್ನೊಂದು ತಪ್ಪಿಗೆ ದಾರಿಯಾಗುತ್ತದೆ. 'ಬೀಗ ಇದ್ದರೆ ಸಾಲದೆ, ಬಣ್ಣ ಯಾಕೆ?' ಎನ್ನುವವರಿಗೆ ಇದೇ ಉತ್ತರ.

ಹಾಗಾದರೆ 'ಎನೇಬಲ್ಡ್' ಗುಣವನ್ನೇ ಆಫ್ ಮಾಡಿ ಅಂಕಣವನ್ನು ಮಂಕಾಗಿಸಬಾರದೇಕೆ? ಷರತ್ತಿಗೆ ತಕ್ಕಂತೆ ಅಂಕಣದ ರೂಪ ಬದಲಿಸುವ ಕಂಡಿಷನಲ್ ಫಾರ್ಮ್ಯಾಟಿಂಗ್ ಪ್ರತಿ ದಾಖಲೆಗೂ ಬೇರೆಬೇರೆಯಾಗಿ ಅದನ್ನೂ ಮಾಡಬಲ್ಲದು. ಆದರೆ ಮಂಕಾದ ಅಂಕಣದೊಳಗೆ ಕರ್ಸರ್ ಹೋಗುವುದೇ ಇಲ್ಲ; ಖಾತೆ ಸಂಖ್ಯೆಯನ್ನು ನಕಲಿಸಿಕೊಳ್ಳಲೂ ಆಗುವುದಿಲ್ಲ. ಹಳೆಯ ಲೆಕ್ಕ ತಿದ್ದಲು ಸಿಗಬಾರದು ನಿಜ, ನೋಡಲು ಮತ್ತು ಬಳಸಲು ಸಿಗಬೇಕು. ಆದ್ದರಿಂದ ಅಂಕಣವನ್ನು ಲಾಕ್ ಮಾಡಿ, ಹಿನ್ನೆಲೆಗೆ ತಿಳಿಬೂದು ಬಣ್ಣ ಕೊಡುವುದೇ ಮೇಲು. ಇಲ್ಲೊಂದು ತೊಡಕಿದೆ. ಫಾರಂನಲ್ಲಿ ಒಂದರ ಕೆಳಗೊಂದು ಕಾಣುವ ಅಂಕಣದ ಪೆಟ್ಟಿಗೆಗಳೆಲ್ಲ ನಿಜದಲ್ಲಿ ಒಂದೇ ಪೆಟ್ಟಿಗೆಯ ಮರುಚಿತ್ರಗಳು. ಕೋಡ್ ಬರೆದು ಹಿನ್ನೆಲೆ ಬದಲಿಸಿದರೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ದಾಖಲೆ ದಾಖಲೆಗೂ ಬೇರೆ ಬಣ್ಣ ಕೊಡುವುದು ಕಂಡಿಷನಲ್ ಫಾರ್ಮ್ಯಾಟಿಂಗ್‌ನ ಕೆಲಸ. ಲಾಕ್ ಮಾಡುವುದು ಅದರ ಕೈಲಾಗದು. ಕರ್ಸರ್ ಬಂದು ನಿಂತ ದಾಖಲೆಯನ್ನು ಫಾರಂನ 'ಕರೆಂಟ್' ಘಟನೆಯಲ್ಲಿ ಲಾಕ್ ಮಾಡಬೇಕು. ಎರಡು ಕಡೆ ಎರಡು ಷರತ್ತು ಬರೆದರೆ ಒಂದು ದಿನ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುತ್ತೇವೆ, ಆಗ ಬಣ್ಣ ಸುಳ್ಳು ಹೇಳುತ್ತದೆ. ಟೇಬಲ್‌ನಲ್ಲಿ 'ಮುಕ್ತಾಯ' ಎಂಬ ಹೌದು-ಇಲ್ಲ ಅಂಕಣವೊಂದನ್ನು ಇಟ್ಟು, ಬೀಗವೂ ಬಣ್ಣವೂ ಅದನ್ನೇ ಕೇಳುವಂತೆ ಮಾಡಬೇಕು.

ಬಣ್ಣ ಹುಸಿ ಭದ್ರತೆಯ ಭಾವನೆ ಕೊಡುತ್ತದೆ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಫಾರಂ ಬಿಟ್ಟು ನೇರವಾಗಿ ಟೇಬಲ್ ತೆರೆದವರಿಗೆ ಬೀಗವೂ ಇಲ್ಲ, ಬಣ್ಣವೂ ಇಲ್ಲ. ಅಂಕಣಗಳೆಲ್ಲ ಲಾಕ್ ಆಗಿದ್ದರೂ ಇಡೀ ದಾಖಲೆಯನ್ನು ಅಳಿಸುವ ದಾರಿ ತೆರೆದೇ ಇರಬಹುದು. ಆದರೆ ಇದರಿಂದ ಬಣ್ಣ ಬೇಡವೆಂದು ಸಾಬೀತಾಗುವುದಿಲ್ಲ, ಬಣ್ಣದ ಹಿಂದೆ ಇನ್ನೂ ಗಟ್ಟಿಯಾದ ತಡೆ ಬೇಕೆಂದಷ್ಟೇ ತಿಳಿಯುತ್ತದೆ. ಆಕ್ಸೆಸ್ 2010ರಿಂದ ಟೇಬಲ್‌ಗೇ ದಾಖಲೆ ಬದಲಾಗುವಾಗ ತಾನಾಗಿ ಓಡುವ ಡೇಟಾ ಮ್ಯಾಕ್ರೋ ಜೋಡಿಸಬಹುದು. ಮುಕ್ತಾಯವಾದ ದಾಖಲೆಯ ಬದಲಾವಣೆಯನ್ನೂ ಅಳಿಸುವಿಕೆಯನ್ನೂ ಅದು ಅಲ್ಲೇ ತಡೆಯಬಲ್ಲದು. ಬಣ್ಣಗಳನ್ನು ಬೇರ್ಪಡಿಸಿ ಕಾಣಲಾಗದವರೂ ಇದ್ದಾರೆ, ಆದ್ದರಿಂದ ಬಣ್ಣದ ಜೊತೆಗೆ 'ಪರಿಶೋಧನೆ ಮುಗಿದಿದೆ' ಎಂಬ ಮಾತೂ ದಾಖಲೆಯ ಪಕ್ಕದಲ್ಲಿ ಕಾಣಬೇಕು. ಗುಮಾಸ್ತರಿಗೆ, ಪರಿಶೋಧಕರಿಗೆ, ತಮ್ಮ ಸಾಲದ ಬಾಕಿ ಕೇಳಲು ಬಂದ ಲಕ್ಷ್ಮೇಶ್ವರದ ಅಥವಾ ಶಿರಹಟ್ಟಿಯ ರೈತರಿಗೆ ಯಾವ ಲೆಕ್ಕ ಮುಗಿದಿದೆ, ಯಾವುದು ಇನ್ನೂ ತೆರೆದಿದೆ ಎಂದು ಪರದೆಯೇ ಹೇಳಬೇಕು. ಹಾಗೆ ಹೇಳದ ಬೀಗ ಲೆಕ್ಕವನ್ನು ಕಾಯಬಹುದು, ಆದರೆ ಆ ಲೆಕ್ಕದ ಮೇಲೆ ಸದಸ್ಯರಿಗಿರುವ ನಂಬಿಕೆಯನ್ನು ಕಾಯಲಾರದು.