ಒಸಡಿನಲ್ಲಿ ರಕ್ತ ಬಂದರೆ ಅಲಕ್ಷಿಸಬೇಡಿರಿ



ಗಂಗಾವತಿ ಭಾಗದ ಭತ್ತದ ಗದ್ದೆಯಲ್ಲಿ ಕಾಲಿಟ್ಟಾಗ ಕೆಸರಿನಿಂದ ಗುಳ್ಳೆಗಳು ಏಳುವುದನ್ನೂ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಬರುವುದನ್ನೂ ನೀವು ಬಲ್ಲಿರಿ. ನೀರು ನಿಲ್ಲಿಸಿದ ಒಂದೆರಡು ದಿನಗಳಲ್ಲೇ ಮಣ್ಣಿನೊಳಗಿನ ಆಮ್ಲಜನಕ ಮುಗಿದು, ಗಾಳಿ ಬೇಡದ ಸೂಕ್ಷ್ಮಜೀವಿಗಳು ಮೇಲುಗೈ ಪಡೆಯುತ್ತವೆ. ಇವುಗಳಿಗೆ ನಿರ್ವಾಯು ಬ್ಯಾಕ್ಟೀರಿಯಾ ಎಂದು ಹೆಸರು. ಬೇರನ್ನು ಕಪ್ಪಾಗಿಸುವ ದುರ್ವಾಸನೆಯ ಅನಿಲ ಇವುಗಳಿಂದಲೇ ಹುಟ್ಟುತ್ತದೆ. ನೀರು ಬಸಿದು ಮಣ್ಣಿಗೆ ಗಾಳಿಯಾಡಿಸಿದರೆ ಇವುಗಳ ಹಾವಳಿ ತಗ್ಗುತ್ತದೆ.

ಇಂತಹದೇ ಗಾಳಿಯಾಡದ ತಾಣವೊಂದು ನಮ್ಮ ಬಾಯಲ್ಲಿಯೂ ಇದೆ. ಅದು ಹಲ್ಲಿಗೂ ಒಸಡಿಗೂ ನಡುವಿನ ಸಂದಿ. ಅಲ್ಲಿ ನೆಲೆಸುವ ನಿರ್ವಾಯು ಬ್ಯಾಕ್ಟೀರಿಯಾಗಳ ಪರಿಚಯವನ್ನು ಈ ಲೇಖನದಲ್ಲಿ ಮಾಡಿಕೊಡಲಾಗಿದೆ. ಬೆಳೆ ತೆಗೆಯುವವನ ಆರೋಗ್ಯವೂ ಕೃಷಿಯ ಬಂಡವಾಳವೇ ಅಲ್ಲವೇ?

ರೋಗ ಬರುವ ಬಗೆ

ಆರೋಗ್ಯವಂತ ಒಸಡಿನಲ್ಲಿ ಈ ಸಂದಿಯ ಆಳ ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್. ಹಲ್ಲನ್ನು ಸರಿಯಾಗಿ ತಿಕ್ಕದಿದ್ದರೆ ಒಸಡಿನ ಅಂಚಿನಲ್ಲಿ ಬಿಳಿಹಳದಿ ಲೋಳೆ ಕೂಡುತ್ತದೆ. ಇದು ಬರೀ ಅನ್ನದ ಅಗುಳಲ್ಲ, ಬ್ಯಾಕ್ಟೀರಿಯಾಗಳ ದಟ್ಟ ಪದರ. ದಿನ ಕಳೆದಂತೆ ಇದು ಗಟ್ಟಿಯಾಗಿ ಹಲ್ಲಿಗೆ ಗಾರೆಯಂತೆ ಅಂಟುತ್ತದೆ. ಒಸಡು ಊದಿ, ಸಂದಿ ಆಳವಾಗಿ, ಒಳಗೆ ಆಮ್ಲಜನಕ ಕಡಿಮೆಯಾಗುತ್ತದೆ.

ಆಗ ಅಲ್ಲಿ ಹೆಚ್ಚುವ ಜೀವಿಗಳಲ್ಲಿ ಪಾರ್ಫಿರೊಮೊನಾಡೇಸಿ ಎಂಬ ಕುಟುಂಬದ ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಮುಖ್ಯವಾದುದು. ಇದಕ್ಕೆ ಸಕ್ಕರೆಗಿಂತ ಸಸಾರಜನಕವೇ ಆಹಾರ. ಬೇಕಾದ ಕಬ್ಬಿಣಾಂಶವನ್ನು ಇದು ರಕ್ತದಿಂದ ಪಡೆಯುತ್ತದೆ. ಪ್ರಯೋಗಾಲಯದಲ್ಲಿ ರಕ್ತ ಬೆರೆಸಿದ ಮಾಧ್ಯಮದ ಮೇಲೆ ಬೆಳೆಸಿದಾಗ ಇದರ ಗುಂಪುಗಳು ಕಪ್ಪಾಗುವುದು ಈ ಕಾರಣದಿಂದಲೇ. ಒಸಡಿನಲ್ಲಿ ರಕ್ತ ಬಂದಷ್ಟೂ ಇದಕ್ಕೆ ಮೇವು ಸಿಕ್ಕಂತಾಗುತ್ತದೆ. ಇದರ ಕಿಣ್ವಗಳು ಒಸಡಿನ ಅಂಗಾಂಶವನ್ನು ಹಾಳುಮಾಡುತ್ತವೆ. ಇವುಗಳ ವಿರುದ್ಧ ದೇಹ ನಡೆಸುವ ಹೋರಾಟದಲ್ಲಿ ಹಲ್ಲು ಹಿಡಿದಿರುವ ಮೂಳೆ ಕರಗುತ್ತದೆ. ಹಲ್ಲು ಅಲುಗಾಡಿ ಕೊನೆಗೆ ಬಿದ್ದುಹೋಗುತ್ತದೆ.

ಒಂದು ಪ್ರಯೋಗ

ಡೆನ್ಮಾರ್ಕ್ ದೇಶದಲ್ಲಿ ನಡೆದು 1965ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. ಆರೋಗ್ಯವಂತ ಒಸಡಿನ 12 ಮಂದಿ ಹಲ್ಲು ತಿಕ್ಕುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ತಿಕ್ಕತೊಡಗಿದಾಗ ಸುಮಾರು ಒಂದು ವಾರದಲ್ಲಿ ಗುಣವಾಯಿತು. ಇದರಿಂದ ತಿಳಿಯಬೇಕಾದುದು ಇಷ್ಟು: ರಕ್ತ ಬರುವ ಮೊದಲ ಹಂತದಲ್ಲಿ ರೋಗವನ್ನು ಹಿಂದಿರುಗಿಸಬಹುದು. ಮೂಳೆ ಕರಗಿದ ಮೇಲೆ ಅದು ತಾನಾಗಿ ಮರಳಿ ಬೆಳೆಯದು. ಕಟಕ ರೊಟ್ಟಿ ಅಗಿಯುವ ಸುಖ ಬೇಕೆಂದರೆ ಎಚ್ಚರಿಕೆ ಮೊದಲೇ ಇರಬೇಕು.

ಕಲೆ ಬೇರೆ, ರೋಗ ಬೇರೆ

ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಲವು ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳನ್ನು ಕಾಣುತ್ತೇವೆ. ಇದು ಬಹುಮಟ್ಟಿಗೆ ಕೊಳವೆಬಾವಿ ನೀರಿನ ಫ್ಲೋರೈಡ್ ಅಂಶದ ಪರಿಣಾಮ, ಬ್ಯಾಕ್ಟೀರಿಯಾಗಳದ್ದಲ್ಲ. ಹಲ್ಲು ಮೂಡುವ ವಯಸ್ಸಿನ ಮಕ್ಕಳು ಇಂತಹ ನೀರು ಕುಡಿದರೆ ಕಲೆ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮಿತಿ. ಬೇರೆ ಮೂಲವಿಲ್ಲದಾಗ ಮಾತ್ರ 1.5ರವರೆಗೆ ಒಪ್ಪಬಹುದು. ನೀರು ಕಾಯಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಕಲೆ ತೆಗೆಯಲೆಂದು ಇಟ್ಟಿಗೆ ಪುಡಿ, ಇದ್ದಿಲು, ಬೂದಿಯಿಂದ ತಿಕ್ಕಿದರೆ ಹಲ್ಲು ಸವೆಯುತ್ತದೆ, ಒಸಡು ಗಾಯವಾಗುತ್ತದೆ, ಕಲೆ ಮಾತ್ರ ಹೋಗದು.

ಏನು ಮಾಡಬೇಕು?

1. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಮೆದುವಾದ ಬ್ರಷ್‌ನಿಂದ ಎರಡು ನಿಮಿಷ ಹಲ್ಲು ತಿಕ್ಕಿರಿ. ಒಸಡಿನ ಅಂಚಿಗೆ ವಿಶೇಷ ಗಮನ ಕೊಡಿರಿ. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಮೆದು ಮಾಡಿಕೊಂಡು ಹಗುರವಾಗಿ ತಿಕ್ಕಬೇಕು.

2. ರಕ್ತ ಬಂತೆಂದು ತಿಕ್ಕುವುದನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ರೋಗ ಹೆಚ್ಚುತ್ತದೆ.

3. ತಂಬಾಕು, ಗುಟಕಾ, ಬೀಡಿ ಬಿಡಿರಿ. ಬೀಡಿ ಸೇದುವವರ ಒಸಡಿನಲ್ಲಿ ರಕ್ತ ಕಡಿಮೆ ಬರುವುದರಿಂದ ರೋಗ ಮರೆಯಾಗಿಯೇ ಬೆಳೆಯುತ್ತದೆ.

4. ಗಟ್ಟಿಯಾದ ಗಾರೆ ತಿಕ್ಕುವುದರಿಂದ ಹೋಗದು. ದಂತ ವೈದ್ಯರಿಂದಲೇ ತೆಗೆಸಬೇಕು. ಹಾಗೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಸಡಿಲತೆ ಮೊದಲೇ ಇದ್ದು, ಗಾರೆ ಹೋದ ಮೇಲೆ ಕಣ್ಣಿಗೆ ಬೀಳುತ್ತದೆ, ಅಷ್ಟೆ.

5. ಅಂಗಡಿಯಿಂದ ಗುಳಿಗೆ ತಂದು ನುಂಗುವುದರಿಂದ ರೋಗ ನಿವಾರಣೆಯಾಗದು. ಬೇರು ಬಿಟ್ಟು ಜೇಕಿನ ತಲೆ ಕೊಯ್ದಂತೆ, ಪದರ ಉಳಿದರೆ ರೋಗ ಮರುಕಳಿಸುತ್ತದೆ.

6. ಸಕ್ಕರೆ ಕಾಯಿಲೆ ಇರುವವರು ಹೆಚ್ಚು ಜಾಗ್ರತೆ ವಹಿಸಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ. ಒಸಡಿನ ಸೋಂಕು ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ.

ಕುರಿಗಳಲ್ಲಿಯೂ ಉಂಟು

ಕುರಿ ಸಾಕುವವರು ಹಲ್ಲು ನೋಡಿಯೇ ಕುರಿಯ ವಯಸ್ಸು ಹೇಳುತ್ತಾರೆ. ಸುಮಾರು ನಾಲ್ಕು ವರ್ಷಕ್ಕೆ ಎಂಟು ಬಾಚಿ ಹಲ್ಲುಗಳು ತುಂಬುತ್ತವೆ. ಅವು ಅಕಾಲದಲ್ಲಿ ಸಡಿಲಗೊಂಡು ಬೀಳುವ ರೋಗವನ್ನು ಸ್ಕಾಟ್‌ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಬಹುಕಾಲದಿಂದ ಅಭ್ಯಸಿಸಲಾಗಿದೆ. ಅಲ್ಲಿಯೂ ಒಸಡಿನ ಸಂದಿಯಲ್ಲಿ ಇದೇ ಗುಂಪಿನ ಬ್ಯಾಕ್ಟೀರಿಯಾಗಳು ಕಂಡುಬಂದಿವೆ. ಬಾಚಿ ಹಲ್ಲು ಹೋದ ಕುರಿ ಗಿಡ್ಡ ಹುಲ್ಲನ್ನು ಕಚ್ಚಲಾರದೆ ಬಡಕಲಾಗುತ್ತದೆ, ಮರಿಗೆ ಹಾಲು ಸಾಲದಾಗುತ್ತದೆ. ಆದ್ದರಿಂದ ಕುರಿ ಕೊಳ್ಳುವಾಗ ಹಲ್ಲು ಎಣಿಸಿದರೆ ಸಾಲದು. ಬೆರಳಿಟ್ಟು ಅಲುಗಾಡಿಸಿ, ಒಸಡನ್ನೂ ನೋಡಿರಿ. ಹಲ್ಲು ಕಳೆದುಕೊಂಡವಕ್ಕೆ ಕತ್ತರಿಸಿದ ಮೇವು ಮತ್ತು ದಾಣಿ ಕೊಡಿರಿ. ಬೇಸಿಗೆ ಬರುವ ಮೊದಲೇ ಅಂಥವನ್ನು ಹಿಂಡಿನಿಂದ ತೆಗೆಯುವುದು ಲಾಭಕರ.

ಕುರಿಯ ಬಾಯಿ ಬಿಡಿಸಿ ನೋಡುವ ನಾವು ನಮ್ಮ ಬಾಯನ್ನು ನೋಡಿಕೊಳ್ಳುವುದು ಅಪರೂಪ. ನಾಳೆ ಹಲ್ಲು ತಿಕ್ಕಿದ ಮೇಲೆ ಉಗುಳಿದ ನೀರನ್ನು ಗಮನಿಸಿರಿ. ಅದರಲ್ಲಿ ರಕ್ತದ ಬಣ್ಣ ಎರಡು ವಾರಗಳ ನಂತರವೂ ಕಂಡುಬಂದರೆ ತಾಲೂಕು ಆಸ್ಪತ್ರೆಗೆ ಹೋಗಿ ದಂತ ವೈದ್ಯರಿಗೆ ತೋರಿಸಿರಿ. ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ.