ಬರವಣಿಗೆಯೆಂಬ ಕಾಯಕ

ಸಾಹಿತ್ಯಕೃತಿಯೊಂದನ್ನು ಆರಂಭಿಸುವುದಕ್ಕೆ ಉತ್ಸಾಹ ಸಾಕಾಗುತ್ತದೆ. ಅದನ್ನು ಕೊನೆಮುಟ್ಟಿಸುವುದಕ್ಕೆ ಮಾತ್ರ ವ್ರತನಿಷ್ಠೆ ಬೇಕಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯಲ್ಲಿ ಕಾದಂಬರಿಯನ್ನೋ ಪುರಾಣವನ್ನೋ ಊರಿನ ಚರಿತ್ರೆಯನ್ನೋ ಬರೆಯಲು ಕೈಹಚ್ಚಿ, ಹಲವು ಪುಟಗಳ ತರುವಾಯ ವಹಿಯನ್ನು ಪೆಟ್ಟಿಗೆಯಲ್ಲಿಟ್ಟವರು ವಿರಳರಲ್ಲ. ಬರೆದವನು ಕಾಲವಾದ ಮೇಲೆ ಅಂಥ ವಹಿಗಳು ರದ್ದಿಯ ಪಾಲಾಗುತ್ತವೆ. ಅವುಗಳೊಡನೆ ಒಂದು ಊರಿನ ನುಡಿಯೂ ನೆನಪೂ ಅಳಿದುಹೋಗುತ್ತವೆ. ಆದುದರಿಂದ ದೀರ್ಘ ಬರವಣಿಗೆ ಏಕೆ ನಿಲ್ಲುತ್ತದೆ, ಅದನ್ನು ನಡೆಸಿಕೊಂಡು ಹೋದವರು ಹೇಗೆ ನಡೆಸಿದರು ಎಂಬುದು ವಿಚಾರಾರ್ಹವಾದ ಸಂಗತಿ.

ಬರವಣಿಗೆ ನಿಲ್ಲುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು. ಮುಗಿಯದ ಕೃತಿಗಾಗಿ ಕಾದು ಕುಳಿತ ಓದುಗರು ಇರುವುದಿಲ್ಲ. ಆದುದರಿಂದ ಇಂದಿನ ಕೆಲಸವನ್ನು ನಾಳೆಗೆ ತಳ್ಳಿದರೆ ಕೇಳುವವರಿಲ್ಲ. ಕೆಲಸದ ಗಾತ್ರವನ್ನು ಒಮ್ಮೆಲೇ ನೋಡಿದರೆ ಎದೆಗುಂದುತ್ತದೆ. ಉದ್ಯೋಗ, ಸಂಸಾರಗಳು ಲೇಖಕನನ್ನು ಬೇರೆಡೆಗೆ ಸೆಳೆಯುತ್ತವೆ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು 1936ರಲ್ಲಿ ಆರಂಭಿಸಿ 1946ರಲ್ಲಿ ಮುಗಿಸಿದರು. ಅಷ್ಟು ವರ್ಷಗಳ ಕಾಲ ಸ್ಫೂರ್ತಿಯೊಂದನ್ನೇ ನಂಬಿ ಯಾರೂ ಬರೆಯಲಾರರು. ಈ ಮೂರು ಅಡ್ಡಿಗಳಿಗೂ ನಮ್ಮ ನಾಡಿನಲ್ಲಿಯೇ ಉತ್ತರಗಳು ದೊರೆಯುತ್ತವೆ.

ಮೊದಲನೆಯ ಉತ್ತರ ನೆರೆಯ ವಿಜಯಪುರದ್ದು. ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು (1880–1964) ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಅವರದು ಸ್ವತಂತ್ರ ಕಾವ್ಯರಚನೆಯಾಗಿರಲಿಲ್ಲವಾದರೂ ಅವರ ಕಾರ್ಯಕ್ರಮ ಎಲ್ಲ ಲೇಖಕರಿಗೂ ಅನ್ವಯಿಸುವಂಥದು. ಪತ್ರಿಕೆಯೆಂದರೆ ಓದುಗರಿಗೆ ಕೊಟ್ಟ ವಚನ. ಗೊತ್ತಾದ ಕಾಲಕ್ಕೆ ಸಂಚಿಕೆ ಹೊರಬೀಳಲೇಬೇಕು. ದಶಕಗಳ ಕೆಲಸವು ಹೀಗೆ ಸಂಚಿಕೆ ಸಂಚಿಕೆಯಾಗಿ ಸಾಗಿತು. ಕಾದಿರುವ ಓದುಗರೂ ದೊರೆತರು.

ಎರಡನೆಯ ಉತ್ತರ ಚಿಕ್ಕೋಡಿ ಸೀಮೆಯ ಸದಲಗಾ ಗ್ರಾಮದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರದು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದ ಅವರು, ಕ್ರಿ. ಶ. 779ರಲ್ಲಿ ಉದ್ಯೋತನಸೂರಿ ರಚಿಸಿದ ‘ಕುವಲಯಮಾಲಾ’ ಎಂಬ ಪ್ರಾಕೃತ ಕಥಾಗ್ರಂಥವನ್ನು ಸಂಪಾದಿಸಿದರು. ಜೈಸಲ್ಮೇರದ ಓಲೆಪ್ರತಿ, ಪುಣೆಯ ಕಾಗದದ ಪ್ರತಿ ಇವೆರಡನ್ನೂ ಪದಶಃ ಹೋಲಿಸಿ ಪಾಠಭೇದಗಳನ್ನು ಗುರುತಿಸಬೇಕಾದ ಕೆಲಸವದು. ಒಂದು ದಿನಕ್ಕೆ ಕೆಲವೇ ಸಾಲುಗಳು ಮುಂದೆ ಸಾಗುವಂಥದು. ಉಪಾಧ್ಯೆಯವರು ಎಲ್ಲವೂ ಸಿದ್ಧವಾಗಲೆಂದು ಕಾಯಲಿಲ್ಲ. ಮೂಲಪಾಠವನ್ನುಳ್ಳ ಮೊದಲ ಭಾಗ 1959ರಲ್ಲಿ ಹೊರಬಂದಿತು. ಪೀಠಿಕೆ, ಟಿಪ್ಪಣಿಗಳ ಎರಡನೆಯ ಭಾಗ 1970ರಲ್ಲಿ ಬಂದಿತು. ನಡುವೆ 11 ವರ್ಷಗಳು ಕಳೆದರೂ ಮೊದಲ ಭಾಗವು ತಾನೇ ಪೂರ್ಣವಾಗಿ ವಿದ್ವಾಂಸರ ಉಪಯೋಗದಲ್ಲಿತ್ತು. ದೊಡ್ಡ ಹೊರೆಯನ್ನು ತಾವೇ ಪೂರ್ಣವಾಗಬಲ್ಲ ಭಾಗಗಳನ್ನಾಗಿ ಒಡೆದುಕೊಳ್ಳಬೇಕೆಂಬುದು ಇದರ ಪಾಠ. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಸ್ಥಾನ ಅವರಿಗೆ ಸಂದಾಗ ಎರಡನೆಯ ಭಾಗ ಇನ್ನೂ ಹೊರಬಂದಿರಲಿಲ್ಲ. ಗೌರವದ ನಡುವೆಯೂ ಉಳಿದ ಕೆಲಸವನ್ನು ಅವರು ಕೈಬಿಡಲಿಲ್ಲ.

ಮೂರನೆಯ ಉತ್ತರ ಇಂದು ಕಾಗವಾಡ ತಾಲೂಕಿಗೆ ಸೇರಿರುವ ಶೇಡಬಾಳದ್ದು. ಅಲ್ಲಿಯ ಮಿರ್ಜಿ ಅಣ್ಣಾರಾಯರು (1918–1975) ಶಿಕ್ಷಕವೃತ್ತಿಯಲ್ಲಿದ್ದುಕೊಂಡೇ ಕಾದಂಬರಿಕಾರರಾದರು. 1945ರ ‘ನಿಸರ್ಗ’ದಿಂದ ಮೊದಲುಗೊಂಡು ‘ರಾಮಣ್ಣ ಮಾಸ್ತರು’, ‘ಅಶೋಕಚಕ್ರ’, ‘ಶ್ರೇಯಾಂಸ’ ಮೊದಲಾದ ಕೃತಿಗಳನ್ನು ರಚಿಸಿದರು. ಅವರು ವಸ್ತುವನ್ನರಸಿ ದೂರ ಹೋಗಬೇಕಾಗಲಿಲ್ಲ. ಈ ಗಡಿಸೀಮೆಯ ಒಕ್ಕಲು ಮನೆತನಗಳ ಬಾಳು, ಇಲ್ಲಿಯ ಆಡುನುಡಿ, ಸಾಲೆಯ ಮಾಸ್ತರನ ಕಷ್ಟಸುಖ ಇವೇ ಅವರ ಬರವಣಿಗೆಯ ಬಂಡವಾಳವಾದವು. ಬರವಣಿಗೆಗೆ ಅಡ್ಡಿಯೆಂದು ತೋರುವ ಉದ್ಯೋಗವೇ ಬರವಣಿಗೆಗೆ ಆಹಾರವನ್ನೊದಗಿಸಿದಾಗ ಅವೆರಡರ ವೈರ ತಾನೇ ಕಡಮೆಯಾಗುತ್ತದೆ. ಉಪಾಧ್ಯೆಯವರೂ ಅಣ್ಣಾರಾಯರೂ ಒಂದೇ ವರ್ಷ, 1975ರಲ್ಲಿ, ದಿವಂಗತರಾದರು. ಆದರೆ ಅವರ ಬರವಣಿಗೆ ಪೆಟ್ಟಿಗೆಯಲ್ಲಿ ಉಳಿಯದೆ ನಾಡಿಗೆ ಸಂದಿದೆ.

ಮೂವರಲ್ಲಿಯೂ ಸಮಾನವಾದದ್ದು ಒಂದುಂಟು: ಬರವಣಿಗೆಯನ್ನು ಮನಸ್ಸು ಬಂದಾಗ ಮಾಡುವ ವಿನೋದವೆಂದು ಅವರು ಭಾವಿಸಲಿಲ್ಲ. ಶರಣರು ನೇಯ್ಗೆಯನ್ನೂ ದೋಣಿ ನಡೆಸುವುದನ್ನೂ ಕಾಯಕವೆಂದು ಕಂಡರು. ನೇಕಾರನು ಮನಸ್ಸಿನ ಉಲ್ಲಾಸಕ್ಕಾಗಿ ಕಾಯದೆ ಮಗ್ಗದ ಮುಂದೆ ಕುಳಿತುಕೊಳ್ಳುತ್ತಾನೆ. ಅಂದಿನ ಮೊಳ ಅಂದಿಗೆ ನೇಯಲ್ಪಡುತ್ತದೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳನ್ನು (1836–1921) ಸ್ಮರಿಸುವ ಈ ನಾಡಿಗೆ ನಿತ್ಯನೇಮದ ಮಹಿಮೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಲೇಖಕನ ನೇಮವೂ ಅದೇ ಜಾತಿಯದು. ಒಂದು ದಿನ ತಪ್ಪಿದರೆ ಮರುದಿನ ಎಂದಿನ ಪಾಲನ್ನಷ್ಟೇ ಬರೆಯಬೇಕು; ಬಾಕಿಯನ್ನೆಲ್ಲ ಒಮ್ಮೆಗೆ ತೀರಿಸಹೊರಟರೆ ದಣಿವುಂಟಾಗಿ ಕೆಲಸವೇ ನಿಂತುಬಿಡುತ್ತದೆ. ಬರೆದ ಮೊದಲ ಅಧ್ಯಾಯಗಳು ಈಗ ಎಳಸಾಗಿ ಕಂಡರೆ ಅದು ಲೇಖಕನು ಬೆಳೆದುದರ ಗುರುತು. ತಿದ್ದುವುದು ಕೊನೆಯ ಪುಟದ ಅನಂತರದ ಕೆಲಸ.

ಶಿಕ್ಷಣಸಂಸ್ಥೆಗಳು ಈ ವಿಷಯದಲ್ಲಿ ಮಾಡಬಹುದಾದದ್ದು ಬಹಳವಿದೆ. ಬರೆಯುತ್ತಿರುವ ಅಧ್ಯಾಪಕರಿಗೆ ತಿಂಗಳಿಗೊಮ್ಮೆ ತಮ್ಮ ಅಧ್ಯಾಯವನ್ನು ಓದಲು ಅವಕಾಶವಿತ್ತರೆ ಕಾದಿರುವ ಓದುಗರು ಸಿದ್ಧರಾಗುತ್ತಾರೆ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿರುವ ಹಿರಿಯರ ಅಪೂರ್ಣ ವಹಿಗಳನ್ನು ಗ್ರಂಥಾಲಯಕ್ಕೆ ಒಪ್ಪಿಸಬಹುದು. ದಾನಿಗಳ ನೆರವು ಕಟ್ಟಡಕ್ಕೆ ಸಂದಂತೆಯೇ ಒಂದು ಹಸ್ತಪ್ರತಿಯ ಮುದ್ರಣಕ್ಕೂ ಸಲ್ಲಬಹುದು. ಈ ಐದು ತಾಲೂಕುಗಳ ಬಾಳನ್ನು ಇಲ್ಲಿಯವರೇ ಬರೆದು ಮುಗಿಸದಿದ್ದರೆ ಬೇರೆಯವರು ಬಂದು ಬರೆಯುವರೆಂದು ನಂಬಿ ಕೂಡುವುದು ತರವಲ್ಲ.